ಬೂದಿಮುಖದವನ ಪರವಾಗಿ ನಮ್ಮ ಮಾವ

ನಮ್ಮ ಸೋದರಮಾವನ ಮೇಲೆ ಯಾರಾದರೂ ಕೇಸು ಹಾಕುವುದಾದರೆ ಆರೋಪಪಟ್ಟಿ ನನ್ನ ಹತ್ತಿರ ಸಿದ್ಧವಿದೆ. ಚಂದ್ರನಿಗೆ ತೂತು ಕೊರೆಯಲು ಹೊರಟವನು, ಮನುಷ್ಯರನ್ನೆಲ್ಲ ಜಿರಲೆ ಮಾಡುವ ಔಷಧ ಕಂಡುಹಿಡಿದವನು, ಸಮುದ್ರವನ್ನು ಸುರುಳಿ ಸುತ್ತಿ ಒಯ್ಯಲು ಬಂದವನು, ಹೀಗೆ ಪರದೆಯ ಮೇಲೆ ಬಂದ ಯಾವ ದುಷ್ಟನನ್ನೂ ಅವರು ಸಮರ್ಥಿಸದೆ ಬಿಟ್ಟಿಲ್ಲ. ಫೀಸಿಲ್ಲ, ವಕಾಲತ್ತಿಲ್ಲ. ಡೊಂಬಿವಲಿಯಲ್ಲಿ ತನಗೊಬ್ಬ ವಕೀಲನಿದ್ದಾನೆಂಬುದು ಕಕ್ಷಿದಾರನಿಗೆ ಗೊತ್ತೂ ಇಲ್ಲ.

ಹಾಗೆಂದು ಮಾವ ಕೆಟ್ಟವರಲ್ಲ. ಲೋಕಲ್ ರೈಲಿನಲ್ಲಿ ತಮಗೆ ಸೀಟು ಸಿಕ್ಕಿದರೆ ಮುಂದಿನ ನಿಲ್ದಾಣದಲ್ಲೇ ಯಾರಿಗಾದರೂ ಬಿಟ್ಟುಕೊಡುವಷ್ಟು ಒಳ್ಳೆಯವರು. ಬಿಟ್ಟುಕೊಟ್ಟ ಮೇಲೆ ಆತನಿಗೆ ದಾದರ್ ಬರುವವರೆಗೆ ಉಪನ್ಯಾಸವನ್ನೂ ಕೊಡುತ್ತಾರೆ ಎನ್ನುವುದು ಬೇರೆ ಮಾತು. ಮುಲುಂದಿನಲ್ಲೇ ಇಳಿದುಹೋದವರನ್ನು ನಾನು ನೋಡಿದ್ದೇನೆ. ಅವರ ಟಿಕೇಟು ದಾದರಿನದಾಗಿತ್ತು.

ಇದಕ್ಕೆಲ್ಲ ಕಾರಣ ತಾಳಮದ್ದಳೆ. ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ ಅದು. ಭಾಗವತರು ಪದ್ಯ ಹೇಳಿದ ಮೇಲೆ ಎರಡು ಸಾಲಿನಲ್ಲಿ ಎದುರುಬದುರಾಗಿ ಕೂತವರು ರಾಮನಾಗಿಯೋ ವಾಲಿಯಾಗಿಯೋ ಕೂತಲ್ಲಿಂದಲೇ ಮಾತಿಗೆ ಮಾತು ಹೊಸೆಯಬೇಕು. ಮಾವ ಮೂವತ್ತು ವರ್ಷ ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಉಡುಪಿ ಕಡೆಯ ಹೋಟೆಲಿನವರೆಲ್ಲ ಸೇರಿ ರಜೆಯ ದಿನ ತಾಳಮದ್ದಳೆ ನಡೆಸುತ್ತಿದ್ದರಂತೆ. ರಾಮ, ಕೃಷ್ಣ ಎಲ್ಲ ಮಾಲಕರಿಗೇ ಹೋಗುತ್ತಿದ್ದವು. ಮ್ಯಾನೇಜರಿಗೆ ಉಳಿಯುತ್ತಿದ್ದುದು ರಾವಣ, ವಾಲಿ, ಕೌರವ. ಪ್ರಸಂಗ ಮುಗಿಯುವಷ್ಟರಲ್ಲಿ ಸಾಯುವುದು ಖಾತ್ರಿ. ಸಾಯುವ ಮೊದಲು ಎದುರಿಗೆ ಕೂತ ಮಾಲಕರ ಬೆವರಿಳಿಸದಿದ್ದರೆ ಮಾವನಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಒಮ್ಮೆ ಗಿರಾಕಿಯೊಬ್ಬ ಇಡ್ಲಿ ಗಟ್ಟಿಯಾಗಿದೆಯೆಂದು ತಕರಾರು ತೆಗೆದನಂತೆ. ಬೇರೆ ಮ್ಯಾನೇಜರಾಗಿದ್ದರೆ ಇಡ್ಲಿ ಬದಲಾಯಿಸುತ್ತಿದ್ದ. ಮಾವ ಇಡ್ಲಿಯ ಪಾತ್ರ ವಹಿಸಿದರು. "ನೆನೆದು, ಅರೆಸಿಕೊಂಡು, ರಾತ್ರಿಯಿಡೀ ಹುಳಿಬಂದು, ಕುದಿಯುವ ಹಬೆಯಲ್ಲಿ ಬೆಂದು ನಿನ್ನ ತಟ್ಟೆಗೆ ಬಂದಿದ್ದೇನೆ. ಇಷ್ಟೆಲ್ಲ ಕಂಡವನು ಕೊಂಚ ಗಟ್ಟಿಯಾಗದೆ ಇರುತ್ತಾನೆಯೆ?" ಎಂದು ಮುರುಕು ಹಿಂದಿಯಲ್ಲಿ ಹತ್ತು ನಿಮಿಷ. ಗಿರಾಕಿ ಕೈಮುಗಿದು ಇನ್ನೊಂದು ಪ್ಲೇಟು ತರಿಸಿಕೊಂಡನಂತೆ. ಈ ಕಥೆಯನ್ನು ನಾನು ಮಾವನ ಬಾಯಿಂದಲೇ ಕೇಳಿದ್ದು. ಇಡ್ಲಿಯ ಕಡೆಯ ಸಾಕ್ಷಿ ಯಾರೂ ಉಳಿದಿಲ್ಲ.

ನಿವೃತ್ತಿಯ ನಂತರ ಎದುರಿಗೆ ಕೂರುವ ಮಾಲಕರು ಇಲ್ಲವಾದರು. ಆಗ ಮಾವನ ಕೈಗೆ ಸಿಕ್ಕಿದ್ದು ನಾವು, ಸೂಪರ್‌ಹೀರೋ ಸಿನಿಮಾಗಳ ಭಕ್ತಮಂಡಳಿ. ಇದೋ, ಇಂಥದೊಂದು ಚಿತ್ರವಿದೆ, ಹಾರುವವನಿದ್ದಾನೆ, ರಾಕ್ಷಸನಿದ್ದಾನೆ ಎಂದು ಮಾವನನ್ನು ಕಲ್ಯಾಣದ ಥಿಯೇಟರಿಗೆ ಮೊದಲು ಕರೆದೊಯ್ದ ಪಾಪಿ ನಾನೇ. ಅದರ ನಾಯಕ ನೀಲಿ ಬಟ್ಟೆಯೊಂದನ್ನು ಬೆನ್ನಿಗೆ ಇಳಿಬಿಟ್ಟುಕೊಂಡು ಹಾರುತ್ತಾನೆ. ಮಾವ ಅವನಿಗೆ ಅಲ್ಲೇ ನಾಮಕರಣ ಮಾಡಿದರು: ನೀಲಿ ಸೆರಗಿನವನು. ಖಳನಾಯಕನ ಮುಖ ಬೂದಿ ಬಣ್ಣದ್ದು. ಆದ್ದರಿಂದ ಅವನು ಬೂದಿಮುಖದವನು. ಮೂಲ ಹೆಸರುಗಳನ್ನು ಇಲ್ಲಿಯವರೆಗೂ ಮಾವ ಕೇಳಿಲ್ಲ, ನಾವೂ ಈಗ ಮರೆತಿದ್ದೇವೆ.

ಬೂದಿಮುಖದವನು ಮೊದಲ ಸಲ ಪರದೆಗೆ ಬಂದಾಗ ಮಾವ ಎದ್ದೇ ನಿಂತರು. ಗೌರವದಿಂದಲ್ಲ, ಸಿಟ್ಟಿನಿಂದ. "ಇದೆಂತ ಇದು? ಬಾಗಿಲು ದೂಡಿಕೊಂಡು ಬಂದ, ಗುಂಡು ಹಾರಿಸಿದ, ಮುಗಿಯಿತಾ? ರಕ್ಕಸ ಅಂದಮೇಲೆ ಒಂದು ಒಡ್ಡೋಲಗ ಬೇಡವಾ?" ಯಕ್ಷಗಾನದಲ್ಲಿ ರಾಕ್ಷಸನೆಂದರೆ ಸುಮ್ಮನೆ ಬರುವಂತಿಲ್ಲ. ಪರದೆಯ ಹಿಂದಿನಿಂದ ಆರ್ಭಟಿಸಿ, ಕಿರೀಟದ ತುದಿ ತೋರಿಸಿ, ಕುಣಿದು, ಸಭೆಗೆ ತನ್ನ ಪ್ರತಾಪ ಸಾರಿ, ಆಮೇಲೆ ಕೆಟ್ಟ ಕೆಲಸಕ್ಕೆ ಕೈಹಾಕಬೇಕು. ಆ ಮರ್ಯಾದೆಯ ಪ್ರವೇಶವೇ ಒಡ್ಡೋಲಗ. ಟಾರ್ಚು ಹಿಡಿದು ಬಂದ ಥಿಯೇಟರಿನವನಿಗೆ ಮಾವ ಇದನ್ನೆಲ್ಲ ವಿವರಿಸಿದರು. ಅವನು ಟಾರ್ಚನ್ನು ನನ್ನ ಮುಖಕ್ಕೆ ಬಿಟ್ಟು "ಆಪ್ ಕೇ ಸಾಥ್ ಹೈ ಕ್ಯಾ?" ಎಂದ. ನಾನು ತಲೆ ಅಲ್ಲಾಡಿಸಿದೆ, ನನ್ನ ಜೊತೆಯವರಲ್ಲವೆಂದು.

ಆ ಭಾನುವಾರದಿಂದ ಮಾವನ ಮನೆಯ ಹಾಲಿನಲ್ಲಿ ಸಭೆ ಶುರುವಾಯಿತು. ಯಾವ ಸೂಪರ್‌ಹೀರೋ ಚಿತ್ರ ಬಂದರೂ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಹೌಸಿಂಗ್ ಸೊಸೈಟಿಯ ಹುಡುಗ ಹುಡುಗಿಯರೆಲ್ಲ ಎರಡು ಚಾಪೆಯ ಮೇಲೆ ಎದುರುಬದುರು ಕೂರಬೇಕು. ಮಾವನ ನಿಯಮ ಒಂದೇ: 'ನನಗೆ ಇಷ್ಟವಾಯಿತು', 'ಗ್ರಾಫಿಕ್ಸ್ ಚೆನ್ನಾಗಿತ್ತು' ಎನ್ನುವಂತಿಲ್ಲ. ಪಾತ್ರವಾಗಿಯೇ ಮಾತಾಡಬೇಕು. ತಪ್ಪಿದವರಿಗೆ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಟಣ್ ಎಂದು ಒಂದು ಏಟು. ಚೆಂಡೆಗೆ ಪಕ್ಕದ ಮನೆಯವರ ಆಕ್ಷೇಪವಿತ್ತು.

ನಾಯಕನ ಪಾತ್ರ ಯಾವಾಗಲೂ ಬಸುವಿನದು. ಬಸು ತುರ್ಭೆಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್, ಕಲಬುರಗಿಯವನು, ನಾಯಕರನ್ನು ನಂಬುವ ಹೃದಯದವನು. ಅವನ ಪಕ್ಕದಲ್ಲಿ ಎ ವಿಂಗಿನ ಶ್ರೇಯಾ. ಅವಳ ಮನೆಯವರು ಕುಂದಾಪುರದವರು, ಅವಳು ಹುಟ್ಟಿದ್ದು ಇಲ್ಲೇ. ಕಿವಿ ಕನ್ನಡ, ನಾಲಿಗೆ ಹಿಂದಿ. ಇಬ್ಬರೂ ಸೇರಿ ಮಾವನನ್ನು ಒಮ್ಮೆಯಾದರೂ ಸೋಲಿಸಬೇಕೆಂದು ಮೂರು ವರ್ಷದಿಂದ ಹೊಂಚುತ್ತಿದ್ದರು.

"ಮಾಮಾರ, ಅಂವ ಅರ್ಧಾ ಊರು ಸುಟ್ಟಾನ್ರೀ. ಅಂಥಾವಂಗ ನೀವು ಕೈ ಮುಗೀತೀರಲ್ಲ" ಎನ್ನುತ್ತಿದ್ದ ಬಸು.

ಟಣ್. "ಮಾಮಾ ಯಾರಿಲ್ಲಿ? ನಿನ್ನೆದುರು ಕೂತದ್ದು ಬೂದಿಮುಖದವನು. ಅವನಿಗೆ ಹೇಳು."

"ಅಂಕಲ್, ವೋ ಸೈಕೋ ಹೈ, ಬಸ್" ಎನ್ನುತ್ತಿದ್ದಳು ಶ್ರೇಯಾ.

"ಸೈಕೋ ಅಂದರೆ ಎಂತ? ವಾದ ಮುಗಿದವರು ಹೇಳುವ ಶಬ್ದ ಅದು."

ಹೀಗೆ ಪ್ರತಿ ಚಿತ್ರದಲ್ಲೂ ಸಾಯುವವನು ನಮ್ಮ ಹಾಲಿನಲ್ಲಿ ಗೆದ್ದು, ಅತ್ತೆ ಕರಿದ ಗೋಳಿಬಜೆ ತಿಂದು ಎದ್ದುಹೋಗುತ್ತಿದ್ದ. ಅತ್ತೆ ಮಾತ್ರ ಅಡುಗೆಮನೆಯಿಂದ "ಈ ಬಾಯಿ ಒಂದು ದಿನ ಮುಚ್ಚಿದ್ರೆ ನಾನು ಗಣಪತಿಗೆ ಕಾಯಿ ಒಡೆಸ್ತೇನೆ" ಎನ್ನುತ್ತಿದ್ದರು.

ಇನ್ನು ನನ್ನ ಪಾತ್ರ. ನನಗೆ ಸ್ವಂತ ಅಭಿಪ್ರಾಯವಾಗಲಿ ಸ್ವಂತ ಧ್ವನಿಯಾಗಲಿ ಇಲ್ಲವೆಂದು ಎಲ್ಲರಿಗೂ ಗೊತ್ತು. ನಾನು ಎಲ್ಲರನ್ನೂ ಅನುಕರಿಸುವವನು. ಸೊಸೈಟಿಯ ಸೆಕ್ರೆಟರಿ, ಬಸು, ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹೆಂಗಸು, ಯಾರೂ ಬಾಕಿಯಿಲ್ಲ. ವಾಶಿಯ ನನ್ನ ಆಫೀಸಿನಲ್ಲಿ ಒಮ್ಮೆ ಫೋನ್ ಮೀಟಿಂಗಿಗೆ ಮೊದಲು ಬಾಸಿನ ಧ್ವನಿಯಲ್ಲಿ ಎಲ್ಲರನ್ನೂ ಬೈದೆ. ಬಾಸು ಆಗಲೇ ಲೈನಿನಲ್ಲಿದ್ದರು. ನಾನು ನಿಲ್ಲಿಸಿದ ಮೇಲೆ "ಮುಗಿಯಿತಾ? ಇನ್ನು ನಾನು ಹೇಳಬೇಕಾದ್ದೇನೂ ಉಳಿದಿಲ್ಲ" ಎಂದರು. ಫೋನಿನಲ್ಲಿ ನಾನು ನಾನಾಗಿ ಮಾತಾಡಿದರೆ ಅಮ್ಮ "ಯಾರದು?" ಎಂದು ಕೇಳುತ್ತಾಳೆ. ಎಲ್ಲಕ್ಕಿಂತ ಚೆನ್ನಾಗಿ ನನಗೆ ಬರುವುದು ಮಾವನ ಧ್ವನಿ. ತಾಮ್ರದ ಹಂಡೆಯೊಳಗಿನಿಂದ ಬಂದಂತಹ ಆ ದನಿ, ವಾಕ್ಯದ ಕೊನೆಯಲ್ಲಿ ಮೂಗಿನಿಂದ ಬರುವ ಆ 'ಹ್ಞಾಂ', ಮುಂದಿನ ವಾದಕ್ಕೆ ಮೊದಲು ಉಸಿರೆಳೆಯುವ ಆ ಸದ್ದು.

ಆ ಧ್ವನಿ ಈ ವರ್ಷ ಕೆಟ್ಟಿತು. ಮೊದಲು ಗೊಗ್ಗರಾಯಿತು, ಆಮೇಲೆ ಮಾತಿನ ನಡುವೆ ಗಾಳಿ ಮಾತ್ರ ಬರತೊಡಗಿತು. ಮಾವ ಜ್ಯೇಷ್ಠಮಧು, ಬಿಸಿನೀರು, ಮೆಣಸಿನ ಕಷಾಯ ಎಲ್ಲ ಮುಗಿಸಿ, ಕೊನೆಗೆ ಅತ್ತೆಯ ಕಾಟಕ್ಕೆ ಕಲ್ಯಾಣದ ಗಂಟಲಿನ ಡಾಕ್ಟರ ಹತ್ತಿರ ಹೋದರು. ಡಾಕ್ಟರು ನಡುವಯಸ್ಸಿನ ಮರಾಠಿ ಹೆಂಗಸು. ಸ್ವರತಂತುವಿನ ಮೇಲೆ ಗಂಟೊಂದಿದೆ ಎಂದರು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಹತ್ತು ದಿನ. ಅಲ್ಲಿಯವರೆಗೆ ಪೂರ್ಣ ಮೌನ.

"ಕಾಕಾ, ಏಕ್ ಶಬ್ದ್ ಪಣ್ ನಾಹೀ. ಒಂದು ಶಬ್ದವೂ ಬೇಡ, ಪಿಸುಗುಟ್ಟುವುದೂ ಕೂಡದು" ಎಂದು ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮಾವ ಆಕ್ಷೇಪಿಸಲು ಬಾಯಿ ತೆರೆದರು. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು. ಮೂವತ್ತು ವರ್ಷದಲ್ಲಿ ಯಾವ ರಾಮನಿಂದಲೂ ಆಗದ್ದು ಒಂದು ಬೆರಳಿನಿಂದ ಆಯಿತು.

ಶ್ರೇಯಾ ತನ್ನ ತಮ್ಮನ ಮ್ಯಾಜಿಕ್ ಸ್ಲೇಟು ತಂದುಕೊಟ್ಟಳು. ಬರೆದು, ಪಟ್ಟಿ ಎಳೆದರೆ ಅಳಿಸಿಹೋಗುತ್ತದಲ್ಲ, ಅದು. ಮೊದಲ ದಿನ ಮಾವ ಅದರಲ್ಲೂ ತಾಳಮದ್ದಳೆ ನಡೆಸಿದರು. ಹಾಲಿನವನಿಗೆ 'ಎಲೈ ಗೋಪಾಲಕ' ಎಂದು ಶುರುಮಾಡಿ ಸ್ಲೇಟು ತುಂಬಿಸಿದರು. ಬಿಹಾರದ ಆ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮರುದಿನದಿಂದ ಒಂದು ಲೀಟರ್ ಜಾಸ್ತಿ ಹಾಕಿದ.

ಅತ್ತೆ ಮೊದಲ ದಿನ "ಆಹಾ, ಕಿವಿಗೆ ತಂಪು" ಎಂದರು. ಎರಡನೆಯ ದಿನ ಕುಕ್ಕರಿನ ಸೀಟಿ ಎಷ್ಟು ಆಯಿತೆಂದು ಹೇಳುವವರಿಲ್ಲದೆ ಬೇಳೆ ಕರಗಿಹೋಯಿತು. ಮೂರನೆಯ ದಿನದಿಂದ ಅವರ ಮನೆಯಲ್ಲಿ ಟಿ.ವಿ. ಬೆಳಗಿನಿಂದಲೇ ಓಡತೊಡಗಿತು. ನೋಡುವವರು ಯಾರೂ ಇರಲಿಲ್ಲ. ಗಣಪತಿಗೆ ಕಾಯಿ ಒಡೆಸಿದ್ದೀರಾ ಎಂದು ನಾನು ಕೇಳಬೇಕೆಂದಿದ್ದೆ. ಅತ್ತೆಯ ಮುಖ ನೋಡಿ ಕೇಳಲಿಲ್ಲ. ನಾನೂ ಕೆಲವೊಮ್ಮೆ ಸುಮ್ಮನಿರಬಲ್ಲೆ, ಅಪರೂಪಕ್ಕೆ.

ಇಂಥ ಹೊತ್ತಿನಲ್ಲೇ ನೀಲಿ ಸೆರಗಿನವನ ಎರಡನೇ ಭಾಗ ಬಿಡುಗಡೆಯಾಗಬೇಕೆ? ಬೂದಿಮುಖದವನು ಸತ್ತಿಲ್ಲ, ಮತ್ತೆ ಬಂದಿದ್ದಾನೆ ಎಂಬ ಸುದ್ದಿ ತಿಳಿದು ಮಾವ ಸ್ಲೇಟಿನ ಮೇಲೆ ಬರೆದರು: 'ಟಿಕೇಟು ತೆಗೆ.'

ಶನಿವಾರ ವಾಶಿಯ ಮಾಲಿನಲ್ಲಿ ನೋಡಿದೆವು. ಈ ಸಲ ಬೂದಿಮುಖದವನಿಗೆ ಒಂದು ಹಿಂದಿನ ಕಥೆ ಕೊಟ್ಟಿದ್ದರು. ಅವನು ಮೊದಲು ಸೇತುವೆ ಕಟ್ಟುವ ಇಂಜಿನಿಯರ್. ಅವನು ಕಟ್ಟಿದ ಸೇತುವೆಯ ಮೇಲೆಯೇ ನೀಲಿ ಸೆರಗಿನವನು ಯಾರದೋ ಜೊತೆ ಹೊಡೆದಾಡಿ ಅದನ್ನು ಬೀಳಿಸಿದ್ದ. ಊರು ನಾಯಕನಿಗೆ ಹಾರ ಹಾಕಿತು, ಸೇತುವೆ ಬಿದ್ದ ತಪ್ಪನ್ನು ಇಂಜಿನಿಯರನ ತಲೆಗೆ ಕಟ್ಟಿತು. ಅಂದಿನಿಂದ ಅವನ ಮುಖ ಬೂದಿಯಾಯಿತು, ಅವನು ಊರಿಗೆ ವೈರಿಯಾದ. ಮಾವ ಕತ್ತಲಲ್ಲಿ ನನ್ನ ತೊಡೆಗೆ ಮೂರು ಸಲ ಗುದ್ದಿದರು. ಕೈ ಬಿಟ್ಟರೆ ಬೇರೆ ಭಾಷೆ ಅವರಿಗಿರಲಿಲ್ಲ. ಇಡೀ ಜನ್ಮದಲ್ಲಿ ಇಂಥ ಕಕ್ಷಿದಾರ ಸಿಕ್ಕಿರಲಿಲ್ಲ, ಸಿಕ್ಕಿದಾಗ ಬಾಯಿ ಬಂದ್.

ಭಾನುವಾರದ ಸಭೆ ಬೇಡವೆಂದು ನಾವು ತೀರ್ಮಾನಿಸಿದ್ದೆವು. ಮಾವ ನಾಲ್ಕಕ್ಕೆ ತಾವೇ ಚಾಪೆ ಹಾಸಿ ಕೂತರು. ಸ್ಲೇಟನ್ನು ನನ್ನ ಕಡೆ ತಿರುಗಿಸಿದರು: 'ವಿಷಯ ನನ್ನದು, ಬಾಯಿ ನಿನ್ನದು. ಹೆಚ್ಚು ಹಾರಬೇಡ.'

ಬಸು ನೀಲಿ ಸೆರಗಿನವನಾಗಿ ಶುರುಮಾಡಿದ. ಆ ಪ್ರಯುಕ್ತ ಶ್ರೇಯಾಳ ದುಪಟ್ಟಾ ಹೊದ್ದುಕೊಂಡಿದ್ದ. "ಏ ಬೂದಿಮಾರಿ, ನಿಂದು ಒಂದು ಬ್ರಿಜ್ ಬಿತ್ತು, ಖರೆ. ಆದ್ರ ನಾ ಆವತ್ತ ಹೊಡದಾಡ್ಲಿಲ್ಲಂದ್ರ ಮಂದಿ ಸಾಯ್ತಿದ್ರಲ್ಲ. ಬ್ರಿಜ್ ದೊಡ್ಡದೋ ಜೀವ ದೊಡ್ಡದೋ?"

ಮಾವ ಸ್ಲೇಟಿನ ಮೇಲೆ ಎರಡೇ ಪದ ಬರೆದರು: 'ಕಟ್ಟಿದವರು ಯಾರು?' ಪಟ್ಟಿ ಎಳೆದು ಅಳಿಸಿದರು.

ನಾನು ಹೊಟ್ಟೆಯಿಂದ ಉಸಿರೆಳೆದು ಹಂಡೆಯೊಳಗೆ ಇಳಿದೆ. "ಎಲೈ ಆಕಾಶಚಾರಿಯೇ, ಜೀವ ದೊಡ್ಡದು, ಒಪ್ಪಿದೆ. ಹಾರಬಲ್ಲ ನಿನಗೆ ಸೇತುವೆ ಯಾಕೆ ಬೇಕು? ಅದು ಬೇಕಾದದ್ದು ನಡೆಯುವವರಿಗೆ. ಬೆಳಗ್ಗೆ ಟಿಫಿನ್ ಹಿಡಿದು ಆಚೆ ದಡದ ಕೆಲಸಕ್ಕೆ ಹೋಗುವವರಿಗೆ. ನೀನು ಹೊಡೆದಾಡಲು ಮೈದಾನವಿತ್ತು, ಸಮುದ್ರವಿತ್ತು, ಇಡೀ ಆಕಾಶವಿತ್ತು. ನಿನಗೆ ಸಿಕ್ಕಿದ್ದು ಬಡವರ ದಾರಿಯೇ? ಮುರಿದವನ ಮೂರ್ತಿ ಚೌಕದಲ್ಲಿ ನಿಂತಿದೆ. ಕಾಂಕ್ರೀಟು ಹೊತ್ತವನ ಹೆಸರು ಈ ಸಭೆಯಲ್ಲಿ ಯಾರಿಗಾದರೂ ಗೊತ್ತುಂಟೋ? ಹ್ಞಾಂ?"

ಶ್ರೇಯಾ ಬಸುವನ್ನು ಮೊಣಕೈಯಿಂದ ತಿವಿದು "ಬೋಲ್ ನಾ" ಎಂದಳು. ಬಸು ದುಪಟ್ಟಾ ತೆಗೆದು ಮಡಚತೊಡಗಿದ.

"ಏನ್ ಹೇಳ್ಬೇಕಂತ ತಿಳೀವಲ್ದು. ನಮ್ಮಪ್ಪ ಈ ಕಡೆ ಬಂದಿದ್ದ ಕಾಂಕ್ರೀಟ್ ಹೊರಾಕ. ಎರಡು ಫ್ಲೈಓವರ್ ಕಟ್ಯಾನ. ಒಂದರ ಕೆಳಗ ಹಾದ್ ಹೋಗೋವಾಗೆಲ್ಲ ನಂಗ ತೋರಸ್ತಿದ್ದ."

ಪಾತ್ರ ಬಿಟ್ಟು ಮಾತಾಡಿದ್ದಕ್ಕೆ ಟಣ್ ಎನ್ನಬೇಕಿತ್ತು. ಮಾವ ಮುಚ್ಚಳವನ್ನು ಮುಟ್ಟಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಆದರೆ ಗೆದ್ದ ಅಮಲು ನೋಡಿ, ಮಾವನ ಧ್ವನಿಯಲ್ಲಿ ಇನ್ನೂ ಎತ್ತರಕ್ಕೆ ಹೋದೆ. ಆ ಆರ್ಭಟಕ್ಕೆ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಗೋಳಿಬಜೆ ಎತ್ತುವ ಜಾಲರಿ ಸೌಟು ಹಿಡಿದೇ ಅತ್ತೆ ಓಡಿಬಂದರು. ಅದರಿಂದ ನೆಲದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಎಂತ ಮಾಡ್ತಿದ್ದೀರಿ ನೀವು? ಡಾಕ್ಟ್ರು ಒಂದು ಶಬ್ದ ಕೂಡ ಬೇಡ ಅಂದದ್ದು ಗೊತ್ತಿಲ್ವಾ? ಈ ಸಿನಿಮಾದವನಿಗೋಸ್ಕರ ಗಂಟಲು ಹಾಳ್ ಮಾಡ್ಕೊಳ್ತೀರಾ?"

ಮಾವ ಎರಡೂ ಕೈ ಎತ್ತಿ, ಬಾಯಿ ಮುಚ್ಚಿಕೊಂಡು, ನನ್ನ ಕಡೆ ತೋರಿಸಿದರು. ಅತ್ತೆ ನನ್ನನ್ನು ನೋಡಿದರು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ಸಿದ್ಧನಾದೆ. ಬೈಗುಳ ಬರಲಿಲ್ಲ. ಅತ್ತೆ ಸೌಟನ್ನು ಟೀಪಾಯಿಯ ಮೇಲಿಟ್ಟು, ಚಾಪೆಯ ಅಂಚಿನಲ್ಲಿ ಕೂತು, ಸೆರಗಿನಿಂದ ಕೈ ಒರೆಸಿಕೊಂಡರು.

"ನೀನಾ ಮಾರಾಯ" ಎಂದರು. ಆಮೇಲೆ, "ಇನ್ನೊಂಚೂರು ಮಾತಾಡು" ಎಂದರು.

ಒಳಗೆ ಗೋಳಿಬಜೆ ಕರಕಲಾಗುತ್ತಿದೆಯೆಂದು ಶ್ರೇಯಾ ಎದ್ದು ಓಡಿದಳು. ಹೋಗುತ್ತ ಅವಳೂ ಕಣ್ಣೊರೆಸಿಕೊಂಡಳು. ಎಣ್ಣೆಯ ಹೊಗೆ ಎಂದಳು, ಅದೂ ಕನ್ನಡದಲ್ಲಿ.

ಬುಧವಾರ ವರದಿಯ ದಿನ. ಅತ್ತೆ ತಾನು ಬರುವುದಿಲ್ಲ, ತನ್ನಿಂದಾಗದು ಎಂದರು. ನಾನು ರಜೆ ಹಾಕಿ ಮಾವನೊಂದಿಗೆ ಕಲ್ಯಾಣಕ್ಕೆ ಹೋದೆ. ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆವು. ನಮ್ಮ ಮುಂದೆ ಏಳು ಜನ. ನಾನು ಕಾಂಪೌಂಡರನನ್ನು ಅನುಕರಿಸಿ ಮಾವನನ್ನು ನಗಿಸಲು ನೋಡಿದೆ. ಅವರು ನಗಲಿಲ್ಲ. ಸ್ಲೇಟು ತೆಗೆದು, ನಿಧಾನವಾಗಿ, ಅಕ್ಷರ ಕೂಡಿಸಿ ಬರೆದು ನನ್ನ ತೊಡೆಯ ಮೇಲಿಟ್ಟರು.

'ವರದಿ ಬೇರೆ ಥರ ಬಂದರೆ ಇವರು ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ವಾರಕ್ಕೊಮ್ಮೆ ಬಂದು ನಿನ್ನ ಅತ್ತೆಯ ಹತ್ತಿರ ನನ್ನ ಹಾಗೆ ಮಾತಾಡು. ಒಳ್ಳೆಯ ಮಾತೇ ಆಗಬೇಕೆಂದಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೂ ಸಾಕು.'

ನಾನು ಓದಿ ಮುಗಿಸಿದ್ದೇನೆಂದು ಖಾತ್ರಿಯಾದ ಮೇಲೆ ಅವರೇ ಪಟ್ಟಿ ಎಳೆದರು. ಲೋಕದ ದುಷ್ಟರೆಲ್ಲರ ಪರವಾಗಿ ವಾದಿಸಿದವರು ತಮ್ಮ ಪರವಾಗಿ ಒಂದು ಮಾತನ್ನೂ ಬರೆಯಲಿಲ್ಲ. ಹ್ಞೂಂ ಎಂದು ತಲೆಯಾಡಿಸಿದೆ.

ಒಳಗೆ ಡಾಕ್ಟರು ಕಾಗದ ಬಿಡಿಸಿ ಓದಿದರು. ಓದುತ್ತಲೇ ಹೋದರು. ಜಗತ್ತಿನ ಯಾವ ಚಿತ್ರದಲ್ಲೂ ಇಷ್ಟು ಉದ್ದದ ದೃಶ್ಯವಿಲ್ಲ.

"ಕಾಳಜೀಚಂ ಕಾಹೀ ನಾಹೀ" ಎಂದರು ಕೊನೆಗೆ. "ಚಿಂತೆ ಮಾಡುವಂಥದ್ದೇನಿಲ್ಲ, ಸಾಧಾ ಗಂಟು. ಕೂಗಿ ಕೂಗಿ ಬಂದದ್ದು. ಏನು ಕೆಲಸ ಮಾಡುತ್ತೀರಿ ಕಾಕಾ, ತರಕಾರಿ ಮಾರುತ್ತೀರಾ?"

ವಿಲನ್‌ಗಳ ವಕೀಲರು ಎಂದು ನಾನು ಹೇಳಿದೆ. ಡಾಕ್ಟರು ಅದನ್ನು ಗಂಭೀರವಾಗಿ ಬರೆದುಕೊಂಡರು. ಆಮೇಲೆ ಮಾವನಿಗೆ 'ಆ' ಎನ್ನಲು ಹೇಳಿದರು. ಬಂದದ್ದು ಹಂಡೆಯ ದನಿಯಲ್ಲ, ಚಮಚದ ದನಿ. ತೆಳ್ಳಗೆ, ನಡುಗುತ್ತ. ಆದರೂ ದನಿ. ಮೆಲ್ಲಮೆಲ್ಲಗೆ ಮೊದಲಿನಂತಾಗುತ್ತದೆ, ಇವತ್ತಿಗೆ ಐದು ನಿಮಿಷ ಮಾತ್ರ ಮಾತಾಡಿ ಎಂದು ಅವರು ಅಪ್ಪಣೆ ಕೊಟ್ಟರು.

ಕಲ್ಯಾಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ ಬರುವವರೆಗೂ ಮಾವ ತುಟಿ ಬಿಚ್ಚಲಿಲ್ಲ. ಐದು ನಿಮಿಷವನ್ನು ಯಾರ ಮೇಲೆ ಪ್ರಯೋಗಿಸುತ್ತಾರೋ ಎಂದು ನಾನು ಹೆದರಿದ್ದೆ. ಬೆಂಚು ಹಿಡಿದು ಕೂತು ನನ್ನ ಫೋನಿಗೆ ಕೈ ಚಾಚಿದರು. ಗದ್ದಲವಿತ್ತೆಂದು ಸ್ಪೀಕರ್ ಹಾಕಿ ಅತ್ತೆಗೆ ಹಚ್ಚಿಕೊಟ್ಟೆ. ಮೊದಲ ರಿಂಗಿಗೇ ಎತ್ತಿದರು.

"ಎಲ್ಲ ಸರಿ ಉಂಟಂತೆ. ಹೆದರಬೇಡ" ಎಂದರು ಮಾವ.

ಆ ಕಡೆ ಅತ್ತೆಯ ಧ್ವನಿ ನಡುಗಿತು. "ಬೇಡ ಮಾರಾಯ, ಇವತ್ತು ತಮಾಷೆ ಬೇಡ. ನಿನ್ನ ಕಾಲಿಗೆ ಬೀಳ್ತೇನೆ. ಅವ್ರು ಎಲ್ಲಿ? ರಿಪೋರ್ಟ್ ಎಂತ ಬಂತು, ನಿನ್ನ ಬಾಯಲ್ಲಿ ಹೇಳು."

"ನಾನೇ ಮಾರಾಯ್ತಿ."

"ಅವ್ರ ಸ್ವರ ಹೀಗಿಲ್ಲ. ಸರಿಯಾಗಿ ಮಾಡ್ಲಿಕ್ಕೂ ಬರುದಿಲ್ಲ ನಿಂಗೆ ಇವತ್ತು."

ಎಂಥ ಪೇಚು! ಮೂವತ್ತು ವರ್ಷ ರಾವಣನೆಂದೂ ವಾಲಿಯೆಂದೂ ಸಭೆಯನ್ನು ನಂಬಿಸಿದ ಮನುಷ್ಯನಿಗೆ ತಾನು ತಾನೇ ಎಂದು ಸ್ವಂತ ಹೆಂಡತಿಯನ್ನು ನಂಬಿಸಲಾಗುತ್ತಿಲ್ಲ. ನಾನು ಅಡ್ಡ ಬಾಯಿ ಹಾಕಿ "ಅತ್ತೆ, ನಿಜವಾಗಿಯೂ ಮಾವನೇ" ಎಂದೆ. ನನ್ನನ್ನು ಯಾರು ನಂಬುತ್ತಾರೆ?

ಮಾವ ನನ್ನನ್ನು ನೋಡಿದರು, ಫೋನನ್ನು ನೋಡಿದರು. ಸ್ಪೀಕರ್ ತೆಗೆದು ಅದನ್ನು ಕಿವಿಗೆ ಒತ್ತಿಕೊಂಡು, ನನಗೆ ಬೆನ್ನು ಹಾಕಿ, ಅತ್ತೆಯ ಹೆಸರು ಹಿಡಿದು ಕರೆದರು.

ನಮ್ಮಲ್ಲಿ ಆ ತಲೆಮಾರಿನವರು ಹೆಂಡತಿಯ ಹೆಸರು ಹೇಳುವುದಿಲ್ಲ. 'ಓ ಇವಳೇ', 'ಕೇಳಿತಾ', ಹೆಚ್ಚೆಂದರೆ 'ಮಾರಾಯ್ತಿ'. ಅತ್ತೆಗೊಂದು ಹೆಸರಿದೆಯೆಂಬುದೇ ನನಗೆ ರೇಶನ್ ಕಾರ್ಡಿನಿಂದ ಗೊತ್ತಾದದ್ದು. ಮಾವ ಕರೆದದ್ದು ಆ ಹೆಸರನ್ನೂ ಅಲ್ಲ, ಅದನ್ನು ಅರ್ಧಕ್ಕೆ ಕತ್ತರಿಸಿ, ಕೊನೆಗೆ ಒಂದು ಎಳೆತ ಸೇರಿಸಿದ ಇನ್ನೊಂದು ಹೆಸರನ್ನು. ಅದನ್ನು ನಾನು ಎಂದೂ ಕೇಳಿರಲಿಲ್ಲ. ಕೇಳದ್ದನ್ನು ಅನುಕರಿಸಲು ಯಾರಿಂದಲೂ ಆಗದು. ಅದನ್ನು ಇಲ್ಲಿ ಬರೆಯುವುದೂ ಇಲ್ಲ.

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಮಾವ ಮತ್ತೆ ಮಾತಾಡಲಿಲ್ಲ. ಫೋನನ್ನೂ ಇಡಲಿಲ್ಲ. ಅಪ್ಪಣೆಯ ಐದು ನಿಮಿಷದಲ್ಲಿ ಇನ್ನೂ ನಾಲ್ಕು ಉಳಿದಿದ್ದವು. ಡೊಂಬಿವಲಿಯಲ್ಲಿ ನಿಲ್ಲುವ ಲೋಕಲ್ ಬಂತು, ಅಪರೂಪಕ್ಕೆ ಖಾಲಿಯಾಗಿಯೇ ಬಂತು. ನಾನು ಅವರನ್ನು ಎಬ್ಬಿಸಲಿಲ್ಲ. ಅದು ಹೋಗಲಿ ಎಂದು ಬಿಟ್ಟೆ.